ದಾಸ್ತಾನು ವಹಿಯೋ, ಎಕ್ಸೆಲ್ಲೋ, ಕ್ಯೂಆರ್ ಚೀಟಿಯೋ: ಶಾಲೆಯ ಸಾಮಾನು ಲೆಕ್ಕಕ್ಕೆ ಯಾವುದು ಒಗ್ಗುತ್ತೆ?

ಗುಬ್ಬಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಚಾರ್ಜ್ ತೆಗೆದುಕೊಂಡ ದಿನ, ವಹಿಯಲ್ಲಿ 3 ಬೀರು ಇದ್ದವು. ಕಣ್ಣೆದುರು ಇದ್ದದ್ದು 2. ಹಿಂದಿನ ಮುಖ್ಯ ಶಿಕ್ಷಕರು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಪಾಪ, ಅವರ ಮುಖ ಸಣ್ಣದಾಗಿತ್ತು. ಎಲ್ಲ ಕೊಠಡಿ ಹುಡುಕಿದೆವು. ಅಡುಗೆಮನೆ ಹುಡುಕಿದೆವು. ಶೌಚಾಲಯದ ಹಿಂದೆಯೂ ಹೋಗಿ ನೋಡಿದ್ದಾಯಿತು. ಕೊನೆಗೆ ಬಿಸಿಯೂಟದ ಅಕ್ಕ ಒಬ್ಬರು ಬಾಗಿಲಲ್ಲಿ ನಿಂತು, "ಸಾ, ಅದು ಅಂಗನವಾಡೀಲಿ ಐತಲ್ಲ. ಮೂರು ವರ್ಷದಿಂದ ಅಲ್ಲೇ ಐತೆ" ಅಂದರು. ಬೀರು ಅಲ್ಲೇ ಇತ್ತು, ಒಳಗೆ ಮಕ್ಕಳ ಆಟದ ಸಾಮಾನು ತುಂಬಿಕೊಂಡು.

ಶಾಲೆಯ ನಿಜವಾದ ದಾಸ್ತಾನು ವಹಿ ಆ ಅಕ್ಕನೇ ಆಗಿದ್ದರು. ಅವರು ಕೆಲಸ ಬಿಟ್ಟಿದ್ದರೆ? ಹಳೇ ಮೇಷ್ಟ್ರಿಂದ ಒಂದು ಬೀರುವಿನ ದುಡ್ಡು ವಸೂಲಾಗುತ್ತಿತ್ತೋ ಏನೋ.

ಆಮೇಲೆ ಇನ್ನೊಂದು ಶಾಲೆಯಲ್ಲೂ ಚಾರ್ಜ್ ತೆಗೆದುಕೊಂಡೆ, ಕೊಟ್ಟೆ. ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕ ನೋಡುವ ಗೆಳೆಯನ ಜೊತೆ ಕೂತು ಅವರ ಪಟ್ಟಿ ಸರಿ ಮಾಡಿದ್ದೂ ಇದೆ. ವಹಿ, ಎಕ್ಸೆಲ್, ಗೂಗಲ್ ಶೀಟ್, ಕ್ಯೂಆರ್ ಚೀಟಿ, ತಂತ್ರಾಂಶ ಎಲ್ಲವನ್ನೂ ನೋಡಿದ್ದೇನೆ. ಯಾವುದು ಯಾವ ಶಾಲೆಗೆ ಒಗ್ಗುತ್ತೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಲ್ಲವನ್ನೂ ಅಳೆಯುವುದು ಒಂದೇ ಪ್ರಶ್ನೆಯಿಂದ. ನಾಳೆ ನನಗೆ ವರ್ಗವಾದರೆ, ನಾಡಿದ್ದು ಬರುವವರು ನನಗೆ ಫೋನ್ ಮಾಡದೆ ಈ ಲೆಕ್ಕ ಮುಂದುವರಿಸಬಹುದಾ? ತುಮಕೂರಿನವರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತೆ. ಕಂದಾಯ ಜಿಲ್ಲೆ ಒಂದೇ, ಶೈಕ್ಷಣಿಕ ಜಿಲ್ಲೆ ಎರಡು: ತುಮಕೂರು, ಮಧುಗಿರಿ. ತುಮಕೂರು ಕಡೆಯ ಗುಬ್ಬಿಯಿಂದ ಮಧುಗಿರಿ ಕಡೆಯ ಪಾವಗಡಕ್ಕೆ ಹೋದವರು ಒಂದು ಬೀರುವಿನ ತಕರಾರಿಗೆ ವಾಪಸ್ ಬರುತ್ತಾರಾ?

ಮೊದಲು ಸಾಮಾನು ಬೇರೆ ಮಾಡಿ

ವಹಿ ಯಾವುದು, ಆ್ಯಪ್ ಯಾವುದು ಅಂತ ಯೋಚಿಸುವ ಮೊದಲು ಇದನ್ನು ಮಾಡಿ. ಸೀಮೆಸುಣ್ಣ, ಪೊರಕೆ, ಫಿನಾಯಿಲ್ ಖರ್ಚಾಗುವ ಸಾಮಾನು. ಅದಕ್ಕೆ ಬೇರೆ ಪುಸ್ತಕ. ಡೆಸ್ಕು, ಬೀರು, ಕಂಪ್ಯೂಟರ್, ಯುಪಿಎಸ್ ಬಾಳುವ ಸಾಮಾನು. ಇವನ್ನೇ ಡೆಡ್ ಸ್ಟಾಕ್ ಅಂತ ಕರೆಯುವುದು. ಬಿಸಿಯೂಟದ ಕುಕ್ಕರ್, ಪಾತ್ರೆ, ತಟ್ಟೆ, ಸಿಲಿಂಡರ್ ಬೇರೆ ಲೆಕ್ಕ. ಗ್ರಂಥಾಲಯದ ಪುಸ್ತಕಗಳದ್ದು ಇನ್ನೊಂದು. ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿದರೆ ಪೊರಕೆಯ ನಡುವೆ ಪ್ರೊಜೆಕ್ಟರ್ ಕಳೆದುಹೋಗುತ್ತೆ.

ಇನ್ನೊಂದು ನಿರ್ಧಾರ ಇದಕ್ಕಿಂತ ಮುಖ್ಯ. ಒಂದೊಂದು ವಸ್ತುವಿಗೂ ಒಂದೊಂದು ನಂಬರು ಕೊಡಬೇಕಾ, ಅಥವಾ ಗುಂಪಾಗಿ ಎಣಿಸಿದರೆ ಸಾಕಾ?

ಮೊದಮೊದಲು ಉತ್ಸಾಹ ಜಾಸ್ತಿ ಇರುತ್ತೆ. ನಾನೂ ಪ್ಲಾಸ್ಟಿಕ್ ಕುರ್ಚಿಗೆಲ್ಲ ನಂಬರು ಹಾಕಿಸಿದ್ದೆ. ಎರಡೇ ವರ್ಷದಲ್ಲಿ ಅರ್ಧ ಕುರ್ಚಿಯ ಕಾಲು ಮುರಿಯಿತು, ನಂಬರು ಅಳಿಸಿತು, ಪಟ್ಟಿ ಕೆಟ್ಟಿತು. ಈಗ ನನ್ನ ಲೆಕ್ಕ ಸರಳ. ಒಂದು ಇನ್ನೊಂದರ ಹಾಗೇ ಇದ್ದು, ಅದಲುಬದಲಾದರೆ ಯಾರಿಗೂ ನಷ್ಟವಿಲ್ಲ ಅಂದರೆ ಗುಂಪಾಗಿ ಎಣಿಸಿ: '5ನೇ ತರಗತಿ ಕೊಠಡಿ, ಡೆಸ್ಕು 14, ಚೆನ್ನಾಗಿರುವುದು 12'. ಅದಲುಬದಲಾದರೆ ನಷ್ಟ ಆಗುವಂಥದ್ದಕ್ಕೆ ಒಂಟಿ ನಂಬರು ಬೇಕು: ಕಂಪ್ಯೂಟರ್, ಪ್ರೊಜೆಕ್ಟರ್, ಬ್ಯಾಟರಿ, ಮೈಕ್ ಸೆಟ್ಟು, ನೀರಿನ ಫಿಲ್ಟರ್.

ಬ್ಯಾಟರಿ ವಿಷಯ ಸ್ವಲ್ಪ ಹುಷಾರು. ಯುಪಿಎಸ್ ರಿಪೇರಿಗೆ ಹೋದಾಗ ಒಳಗಿನ ಬ್ಯಾಟರಿ ಬದಲಾಗಿ ಹಳೆಯದು ಬಂದು ಕೂತರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನೀವು ಹಚ್ಚಿದ ನಂಬರಿನ ಜೊತೆಗೆ ಕಂಪನಿಯವರ ಸೀರಿಯಲ್ ನಂಬರನ್ನೂ ಬರೆದಿಡಿ. ಬರೆಯಲು ಬೇಜಾರಾದರೆ ಫೋಟೋ ತೆಗೆದಿಡಿ.

ಬೈಂಡ್ ಮಾಡಿದ ವಹಿ

ಇದನ್ನು ಹಳೇ ಕಾಲದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ. ಪುಟಕ್ಕೆ ನಂಬರು ಇರುತ್ತೆ. 'ಈ ವಹಿಯಲ್ಲಿ 200 ಪುಟಗಳಿವೆ' ಎಂದು ಮೊದಲ ಪುಟದಲ್ಲಿ ಬರೆದು ಸಹಿ ಹಾಕಿರುತ್ತಾರೆ. ಹಾಗಾಗಿ ನಡುವೆ ಹಾಳೆ ಕಿತ್ತರೆ ಗೊತ್ತಾಗುತ್ತೆ. ತಪ್ಪಾದದ್ದನ್ನು ಒಂದು ಗೆರೆ ಎಳೆದು ಹೊಡೆದು ಪಕ್ಕದಲ್ಲಿ ಸಹಿ ಹಾಕಿದರೆ ಹಳೆಯದೂ ಕಾಣುತ್ತೆ, ಹೊಸದೂ ಕಾಣುತ್ತೆ. ಆಡಿಟ್‌ನವರು ಮೊದಲು ಕೇಳುವುದೂ ಇದನ್ನೇ. ಚಾರ್ಜ್ ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕುವುದೂ ಇದನ್ನು ನೋಡಿಯೇ.

ತೊಂದರೆ ಏನೆಂದರೆ ಇದರಲ್ಲಿ ಹುಡುಕುವುದು ಕಷ್ಟ. ವಹಿ ಬರೆಯುವುದು ವಸ್ತುವಿನ ಪ್ರಕಾರ: ಬೀರುವಿಗೆ ಒಂದು ಪುಟ, ಡೆಸ್ಕಿಗೆ ಒಂದು ಪುಟ. ಎಣಿಸುವುದು ಕೊಠಡಿಯ ಪ್ರಕಾರ. ಒಂದು ಕೊಠಡಿಯಲ್ಲಿ ನಿಂತು ಏನೇನಿರಬೇಕು ಅಂತ ನೋಡಲು ಹದಿನೈದು ಪುಟ ತಿರುವಬೇಕು. ಇದಕ್ಕೆ ಒಂದು ಹಳೇ ಉಪಾಯ ಇದೆ. ಪ್ರತಿ ಕೊಠಡಿಯ ಬಾಗಿಲ ಹಿಂದೆ ಆ ಕೊಠಡಿಯ ಸಾಮಾನಿನ ಪಟ್ಟಿ ಅಂಟಿಸುವುದು. ಸರ್ಕಾರಿ ಅತಿಥಿಗೃಹಗಳಲ್ಲಿ ನೋಡಿರುತ್ತೀರಿ. ಶಾಲೆಯಲ್ಲಿ ಇದು ಇನ್ನೂ ಚೆನ್ನಾಗಿ ನಡೆಯುತ್ತೆ, ಯಾಕೆಂದರೆ ಏಳನೇ ತರಗತಿ ಮಕ್ಕಳು ಅದನ್ನು ಓದುತ್ತಾರೆ. "ಮೇಷ್ಟ್ರೇ, ಪಟ್ಟೀಲಿ 2 ಫ್ಯಾನ್ ಅಂತ ಐತೆ, ಒಂದೇ ಐತೆ" ಅಂತ ಅವರೇ ಬಂದು ಹೇಳುತ್ತಾರೆ.

ಇನ್ನೊಂದು ಶತ್ರು ಗೆದ್ದಲು. ನಮ್ಮ ಶಾಲೆಯ ಹಳೆಯದೊಂದು ವಹಿಯನ್ನು ನೆಲದ ಮೇಲಿಟ್ಟ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತೆಗೆದಾಗ ರಟ್ಟು ಮಾತ್ರ ನೆಟ್ಟಗಿತ್ತು. ವರ್ಷಕ್ಕೊಮ್ಮೆ ಎಲ್ಲ ಪುಟಗಳ ಫೋಟೋ ತೆಗೆದು ಎರಡು ಕಡೆ ಇಟ್ಟಿದ್ದರೆ ಆ ಗೋಳು ಇರುತ್ತಿರಲಿಲ್ಲ.

ಎಕ್ಸೆಲ್ ಮತ್ತು ಗೂಗಲ್ ಶೀಟ್

ಇವೆರಡೂ ಒಂದೇ ಥರ ಕಾಣುತ್ತವೆ. ಆದರೆ ಶಾಲೆಯ ಮಟ್ಟಿಗೆ ಸ್ವಭಾವ ಬೇರೆ.

ಎಕ್ಸೆಲ್ ಫೈಲು ಒಂದು ಕಂಪ್ಯೂಟರಿನೊಳಗೆ ಇರುತ್ತೆ. ನೆಟ್ ಇಲ್ಲದಿದ್ದರೂ ನಡೆಯುತ್ತೆ. ಆಮೇಲೆ ಅದು ಪೆನ್‌ಡ್ರೈವ್ ಹತ್ತುತ್ತೆ, ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತೆ. ಆರು ತಿಂಗಳಲ್ಲಿ 'ದಾಸ್ತಾನು ಫೈನಲ್', 'ದಾಸ್ತಾನು ಫೈನಲ್ ಹೊಸದು', 'ದಾಸ್ತಾನು ಫೈನಲ್ ಹೊಸದು 2' ಅಂತ ಮೂರು ಫೈಲು. ಯಾವುದು ನಿಜ ಅಂತ ಮಾಡಿದವರಿಗೂ ಮರೆತಿರುತ್ತೆ.

ಗೂಗಲ್ ಶೀಟ್ ಒಂದೇ ಇರುತ್ತೆ, ಎಲ್ಲರೂ ಅದನ್ನೇ ನೋಡುತ್ತಾರೆ. ಮೊಬೈಲ್ ಹಿಡಿದು ಕೊಠಡಿಯಲ್ಲೇ ನಿಂತು ತುಂಬಬಹುದು. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದು ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತೆ. ವಹಿಯಲ್ಲಿ ಗೆರೆ ಹೊಡೆದು ಸಹಿ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಉಚಿತ ಖಾತೆಯ 15 ಜಿಬಿ ಜಾಗದಲ್ಲಿ ಬಿಲ್ಲುಗಳ ಫೋಟೋ ಸೇರಿ ಒಂದು ಶಾಲೆಯ ಲೆಕ್ಕ ವರ್ಷಗಟ್ಟಲೆ ಹಿಡಿಸುತ್ತೆ.

ಆದರೆ ಇಲ್ಲಿ ನಾವೇ ಒಂದು ಪೆಟ್ಟು ತಿಂದಿದ್ದೇವೆ. ಶಾಲೆಯ ಹೆಸರಿನಲ್ಲಿ ಖಾತೆ ತೆರೆದವರು ನಮ್ಮ ಕಂಪ್ಯೂಟರ್ ಬಲ್ಲ ಮೇಡಂ. ಮೊಬೈಲ್ ನಂಬರು ಅವರದ್ದೇ ಕೊಟ್ಟಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋದರು, ಆ ನಂಬರನ್ನೂ ಬಿಟ್ಟರು. ಒಂದು ದಿನ ಹೊಸ ಫೋನಿನಲ್ಲಿ ಖಾತೆ ತೆರೆಯಲು ಹೋದರೆ ಒಟಿಪಿ ಯಾರಿಗೋ ಹೋಗುತ್ತಿದೆ. ಅವರನ್ನು ಹುಡುಕಿ, ಅವರ ಹಳೇ ಲ್ಯಾಪ್‌ಟಾಪಿನಲ್ಲಿ ಖಾತೆ ಇನ್ನೂ ತೆರೆದೇ ಇದ್ದುದರಿಂದ ಬಚಾವಾದೆವು. ಹಾಗಾಗಿ ಖಾತೆಗೆ ಶಾಲೆಯದ್ದೇ ಸಿಮ್ ಇರಲಿ. ಇಲ್ಲದಿದ್ದರೆ ಚಾರ್ಜ್ ಪಟ್ಟಿಯಲ್ಲಿ 'ಇಮೇಲ್ ಖಾತೆ, ಪಾಸ್‌ವರ್ಡ್, ಜೋಡಿಸಿದ ಮೊಬೈಲ್ ನಂಬರು' ಅಂತ ಒಂದು ಸಾಲು ಸೇರಿಸಿ. ಬೀಗದ ಕೈ ಕೊಡುತ್ತೇವಲ್ಲ, ಹಾಗೆ.

ಕನ್ನಡದಲ್ಲಿ ತುಂಬುವವರಿಗೆ ಒಂದು ಮಾತು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ, ಮೊಬೈಲಿನಲ್ಲಂತೂ ಓದಲಿಕ್ಕಾಗದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪದಗಳಲ್ಲೂ ಒಂದು ಹಿಡಿತ ಇರಲಿ. ಒಬ್ಬರು 'ಬೀರು', ಇನ್ನೊಬ್ಬರು 'ಅಲ್ಮೆರಾ', ಮತ್ತೊಬ್ಬರು 'ಕಪಾಟು' ಅಂತ ಬರೆದರೆ ಫಿಲ್ಟರ್ ಹಾಕಿದಾಗ ಮೂರೂ ಬೇರೆ ಬೇರೆ ಕೂರುತ್ತವೆ. ಆಯ್ಕೆಯ ಪಟ್ಟಿ ಮಾಡಿಟ್ಟು ಅದರಿಂದಲೇ ಆರಿಸುವ ಹಾಗೆ ಮಾಡಿದರೆ ಈ ಕಾಟ ಇಲ್ಲ.

ಕಾಲಂ ಎಷ್ಟು ಬೇಕು? ನಂಬರು, ವಸ್ತು, ಕೊಠಡಿ, ಬಂದ ದಿನ, ಎಲ್ಲಿಂದ ಬಂತು, ಬಿಲ್ ನಂಬರು, ಬೆಲೆ, ಈಗ ನಡೆಯುತ್ತಾ, ಕೊನೆಗೆ ಎಣಿಸಿದ ದಿನ. 9 ಸಾಕು. 'ಈಗ ನಡೆಯುತ್ತಾ' ಅನ್ನುವುದನ್ನು ಮಾತ್ರ ಬಿಡಬೇಡಿ. ಪ್ರತಿ ವರ್ಷ ಯು-ಡೈಸ್ ಪ್ಲಸ್, ಅಂದರೆ ಶಾಲೆಗಳ ಅಂಕಿಅಂಶದ ಸರ್ಕಾರಿ ಜಾಲತಾಣ, ತುಂಬುವಾಗ ಕಂಪ್ಯೂಟರ್ ಎಷ್ಟಿವೆ ಅಂತ ಮಾತ್ರ ಕೇಳುವುದಿಲ್ಲ, ಅದರಲ್ಲಿ ನಡೆಯುವುದು ಎಷ್ಟು ಅಂತಲೂ ಕೇಳುತ್ತಾರೆ. ಈ ಕಾಲಂ ಇದ್ದರೆ ಆ ಸಂಜೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಬಾಯಿಗೆ ಬಂದ ಅಂಕಿ ತುಂಬುವುದೇ ಗತಿ.

'ಎಲ್ಲಿಂದ ಬಂತು' ಕೂಡ ಹಾಗೇ. ಅನುದಾನದ್ದು, ಪಂಚಾಯಿತಿಯದ್ದು, ಹಳೇ ವಿದ್ಯಾರ್ಥಿಗಳು ಕೊಟ್ಟದ್ದು, ಎಸ್‌ಡಿಎಂಸಿಯವರು (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಕೊಡಿಸಿದ್ದು. ದಾನಿಗಳು ಕೊಟ್ಟದ್ದಕ್ಕೆ ಬಿಲ್ಲು ಇರುವುದಿಲ್ಲ, ಹಾಗಾಗಿ ಪಟ್ಟಿಗೇ ಸೇರುವುದಿಲ್ಲ. ಫ್ಯಾನಿನ ಮೂರು ರೆಕ್ಕೆಯಲ್ಲೂ ದಾನಿಯ ಹೆಸರು ದೊಡ್ಡದಾಗಿ ಇರುತ್ತೆ, ವಹಿಯಲ್ಲಿ ಮಾತ್ರ ಫ್ಯಾನೇ ಇರುವುದಿಲ್ಲ! ಬಿಲ್ಲು ಇಲ್ಲದಿದ್ದರೆ ಅಂದಾಜು ಬೆಲೆ ಹಾಕಿ, ಸಭೆಯ ನಡಾವಳಿಯಲ್ಲಿ ಬರೆಸಿ, ಆ ದಿನಾಂಕವನ್ನು ಬಿಲ್ ನಂಬರಿನ ಜಾಗದಲ್ಲಿ ಹಾಕಿ.

ಗುರುತು ಹಾಕುವುದು: ಪೇಂಟೋ, ಸ್ಟಿಕ್ಕರೋ, ಕ್ಯೂಆರೋ

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ವಸ್ತುವಿನ ಮೇಲೆ ನಂಬರು ಇಲ್ಲದಿದ್ದರೆ ಅದು ಪೇಪರಿನ ಲೆಕ್ಕ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ.

ಮರಕ್ಕೂ ಕಬ್ಬಿಣಕ್ಕೂ ಪೇಂಟೇ ಸರಿ. ತಗಡಿನಲ್ಲಿ ಅಂಕಿ ಕೊರೆದ ಅಚ್ಚು ಇಟ್ಟು ಎನಾಮೆಲ್ ಬಳಿದರೆ ವರ್ಷಗಟ್ಟಲೆ ಇರುತ್ತೆ. ಡೆಸ್ಕಿನ ಮೇಲ್ಭಾಗದಲ್ಲಿ ಬೇಡ. ಮಕ್ಕಳ ಕೈವಾರ ಅದನ್ನು ಒಂದು ಟರ್ಮಿನಲ್ಲಿ ಕೆರೆದು ಮುಗಿಸುತ್ತೆ. ಕೂರುವ ಹಲಗೆಯ ಕೆಳಗೆ ಅಥವಾ ಹಿಂದಿನ ಕಾಲಿನ ಒಳಬದಿಗೆ ಹಾಕಿ. ಶಾಲೆಯ ಹೆಸರಿನ ಒಂದೆರಡು ಅಕ್ಷರವೂ ಇರಲಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೇಂದ್ರದ ಶಾಲೆಯವರು ಅಕ್ಕಪಕ್ಕದ ಶಾಲೆಗಳಿಂದ ಡೆಸ್ಕು ತರಿಸಿಕೊಳ್ಳುತ್ತಾರಲ್ಲ, ವಾಪಸ್ ಬರುವಾಗ ಟ್ರ್ಯಾಕ್ಟರಿನಲ್ಲಿ ಯಾರದ್ದು ಯಾರಿಗೆ ಅಂತ ಹೇಳುವುದು ಆ ಎರಡು ಅಕ್ಷರವೇ. ಒಂದು ಸಲ ನಮ್ಮ 10 ಡೆಸ್ಕು ಹೋಗಿ 10 ವಾಪಸ್ ಬಂದವು. ಲೆಕ್ಕ ಸರಿ. ಆದರೆ ಬಂದವುಗಳಲ್ಲಿ 4 ನಮ್ಮವಲ್ಲ, ಅಲ್ಲಾಡುವವು.

ಕಂಪ್ಯೂಟರ್, ಪ್ರೊಜೆಕ್ಟರ್‌ಗೆ ಪೇಂಟ್ ಚೆಂದವಲ್ಲ. ಇಲ್ಲಿ ಸ್ಟಿಕ್ಕರ್ ಬೇಕು. ಕಾಗದದ್ದು ಬೇಡ, ಹರಿಯದ ಪ್ಲಾಸ್ಟಿಕ್ ಹಾಳೆಯದ್ದು ಮಾಡಿಸಿ. ತುಮಕೂರು, ಕೋಲಾರ, ಚಿಂತಾಮಣಿಯ ಯಾವ ಸ್ಟಿಕ್ಕರ್ ಕಟ್ಟಿಂಗ್ ಅಂಗಡಿಯಲ್ಲೂ ಆಗುತ್ತೆ. ಅಂಟಿಸುವ ಜಾಗವನ್ನು ಮೊದಲು ಸ್ಪಿರಿಟ್ ಹಾಕಿ ಒರೆಸಿ. ಧೂಳಿನ ಮೇಲೆ ಅಂಟಿಸಿದ್ದು ಧೂಳಿನ ಜೊತೆಗೇ ಬರುತ್ತೆ.

ಇನ್ನು ಕ್ಯೂಆರ್. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಎಳನೀರು ಗಾಡಿಯಲ್ಲಿ ನೇತಾಡುವ ದುಡ್ಡಿನ ಕ್ಯೂಆರ್ ಆಮೇಲಿನದ್ದು. ಅಂದರೆ ಸಾಮಾನು ಎಣಿಸುವುದೇ ಅದರ ಹುಟ್ಟುಕಸುಬು. ಅದರಲ್ಲಿ ನಾಲ್ಕು ಮಟ್ಟದ ತಪ್ಪು ಸರಿಪಡಿಸುವ ಶಕ್ತಿ ಇದೆ. ಅತಿ ಹೆಚ್ಚಿನ ಮಟ್ಟ ಆರಿಸಿಕೊಂಡರೆ ಸುಮಾರು ಶೇ 30ರಷ್ಟು ಹಾಳಾದರೂ ಓದಬಹುದು. ಶಾಲೆಗೆ ಇದೇ ಬೇಕು, ಯಾಕೆಂದರೆ ಉಗುರು ಹಾಕಿ ಕೆರೆಯದ ಮಗು ಇನ್ನೂ ಹುಟ್ಟಿಲ್ಲ.

ಚೀಟಿಯೊಳಗೆ ಏನು ಹಾಕಬೇಕು? ಕೆಲವರು ಯಾವುದೋ ಜಾಲತಾಣದ ಲಿಂಕ್ ಹಾಕಿಸುತ್ತಾರೆ. ಆ ಜಾಲತಾಣದ ಚಂದಾ ಮುಗಿದ ದಿನ ಎಲ್ಲ ಚೀಟಿಯೂ ಸತ್ತ ಹಾಗೆ. ಬರೀ ಅಂಕಿ ಹಾಕಿ. ನಿಮ್ಮ ಶಾಲೆಯ ಯು-ಡೈಸ್ ಕೋಡ್ 11 ಅಂಕಿ. ಅದರ ಮುಂದೆ ವಸ್ತುವಿನ ನಂಬರಿಗೆ 5 ಅಂಕಿ. ಒಟ್ಟು 16. ಅತಿ ಚಿಕ್ಕ ಕ್ಯೂಆರ್ ಅಂದರೆ 21ಕ್ಕೆ 21 ಚೌಕದ್ದು. ಅತಿ ಹೆಚ್ಚಿನ ಸರಿಪಡಿಸುವ ಮಟ್ಟದಲ್ಲೂ ಅದರಲ್ಲಿ 17 ಅಂಕಿ ಹಿಡಿಸುತ್ತೆ. ನಮ್ಮದು 16, ಸರಿಹೋಯಿತು. ಚೌಕಗಳು ದೊಡ್ಡದಾಗಿ ಬರುತ್ತವೆ, ಸಾಧಾರಣ ಮೊಬೈಲ್ ಕೂಡ ತಟ್ಟನೆ ಓದುತ್ತೆ. ಅದೇ ಕನ್ನಡದಲ್ಲಿ ಶಾಲೆಯ ಪೂರ್ತಿ ಹೆಸರು ತುಂಬಿದರೆ ಚೌಕ ಸಣ್ಣದಾಗಿ, ಚೀಟಿ ಸವೆದಾಗ ಓದದೆ ಹೋಗುತ್ತೆ. ಹೆಸರನ್ನು ಕ್ಯೂಆರ್ ಕೆಳಗೆ ಕಣ್ಣಿಗೆ ಕಾಣುವ ಹಾಗೆ ಮುದ್ರಿಸಿ, ನಂಬರಿನ ಜೊತೆಗೆ. ಮೊಬೈಲ್ ಇಲ್ಲದವರೂ ಓದಬೇಕಲ್ವಾ?

ಕೊನೆಯದಾಗಿ, ಕ್ಯೂಆರ್‌ನಿಂದ ಎಣಿಕೆ ಬೇಗ ಆಗುತ್ತೆ ಅನ್ನುವುದು ಸಾಮಾನು ನೂರಾರು ಇದ್ದಾಗ ಮಾತ್ರ. ಒಂಟಿ ನಂಬರಿನ 20-30 ವಸ್ತು ಇರುವ ಶಾಲೆಗೆ ಕಣ್ಣಲ್ಲಿ ಓದಿ ಟಿಕ್ ಹಾಕುವುದೇ ಬೇಗ.

ಆರ್‌ಎಫ್‌ಐಡಿ, ಅಂದರೆ ರೇಡಿಯೋ ಅಲೆಯಿಂದ ಓದುವ ಟ್ಯಾಗ್, ಅದರ ಬಗ್ಗೆಯೂ ಕೇಳುತ್ತಾರೆ. ದೂರದಿಂದಲೇ ಓದುತ್ತೆ, ನಿಜ. ಆದರೆ ಕಬ್ಬಿಣದ ಮೇಲೆ ಮಾಮೂಲಿ ಟ್ಯಾಗ್ ಸರಿಯಾಗಿ ಓದುವುದಿಲ್ಲ, ನಮ್ಮ ಡೆಸ್ಕು, ಬೀರು ಎಲ್ಲ ಕಬ್ಬಿಣ. ಓದುವ ಯಂತ್ರವೂ ದುಬಾರಿ. ಬಿಟ್ಟುಬಿಡಿ.

ತಂತ್ರಾಂಶ ಬೇಕಾ?

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ 100 ಮಕ್ಕಳೊಳಗಿನ ಶಾಲೆಗೆ ವರ್ಷದ ಅನುದಾನ ಹೆಚ್ಚೆಂದರೆ 25,000 ರೂಪಾಯಿ. ಅದರಲ್ಲೇ ಸೀಮೆಸುಣ್ಣ, ಕರೆಂಟು, ರಿಪೇರಿ, ಸ್ವಚ್ಛತೆ. ಅಂಥ ಶಾಲೆ ದುಡ್ಡು ಕೊಟ್ಟು ದಾಸ್ತಾನು ತಂತ್ರಾಂಶ ಕೊಳ್ಳುವುದು ಬೇಡ. ಇಷ್ಟೇ.

ದೊಡ್ಡ ಖಾಸಗಿ ಶಾಲೆ, ವಸತಿ ಶಾಲೆ, ಒಂದೇ ಟ್ರಸ್ಟಿನ ನಾಲ್ಕೈದು ಶಾಲೆ ಇದ್ದರೆ ಮಾತು ಬೇರೆ. ಸ್ನೈಪ್-ಐಟಿ ಅನ್ನುವುದು ಮುಕ್ತ ತಂತ್ರಾಂಶ, ಇಂಥ ಲೆಕ್ಕಕ್ಕೇ ಮಾಡಿದ್ದು. ಯಾವ ಲ್ಯಾಪ್‌ಟಾಪ್ ಯಾರ ಕೈಯಲ್ಲಿದೆ ಅನ್ನುವುದನ್ನು ಚೆನ್ನಾಗಿ ಹಿಡಿಯುತ್ತೆ. ಇಆರ್‌ಪಿ ನೆಕ್ಸ್ಟ್ ಕೂಡ ಮುಕ್ತ ತಂತ್ರಾಂಶ, ನಮ್ಮ ದೇಶದ್ದೇ. ಅದರಲ್ಲಿ ಖರೀದಿ, ಲೆಕ್ಕಪತ್ರ, ಸವಕಳಿ (ವರ್ಷ ಕಳೆದಂತೆ ಬೆಲೆ ಇಳಿಸುವ ಲೆಕ್ಕ) ಎಲ್ಲ ಒಂದಕ್ಕೊಂದು ಸೇರಿಕೊಂಡಿದೆ. ತಂತ್ರಾಂಶ ಉಚಿತ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಸರ್ವರ್ ಬೇಕು, ಬ್ಯಾಕಪ್ ಬೇಕು, ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಆ ಮನುಷ್ಯ ಬೆಂಗಳೂರಿಗೆ ಕೆಲಸ ಸಿಕ್ಕಿ ಹೋದರೆ ಮತ್ತೆ ನನ್ನ ಹಳೇ ಪ್ರಶ್ನೆಗೇ ಬರುತ್ತೇವೆ. ಚಿಕ್ಕಬಳ್ಳಾಪುರ, ಕೋಲಾರದಂಥ ಬೆಂಗಳೂರಿನ ಬಗಲಲ್ಲೇ ಇರುವ ಊರುಗಳಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ನಿಲ್ಲುವುದೇ ಕಡಿಮೆ. ತಂತ್ರಾಂಶ ಕೊಳ್ಳುವ ಮುಂಚೆ 'ನಮ್ಮ ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದಾ' ಅಂತ ಕೇಳಿ, ಎದುರಿಗೇ ಇಳಿಸಿ ತೋರಿಸಲು ಹೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಚಿಂತಾಮಣಿಯ ಗೆಳೆಯನ ಶಾಲೆಯಲ್ಲಿ ಇನ್ನೊಂದು ಗೊಂದಲ ಇತ್ತು. ಆಡಿಟರ್ ಮಾಡಿಕೊಟ್ಟ ಆಸ್ತಿ ಪಟ್ಟಿಯೇ ದಾಸ್ತಾನು ಅಂತ ಅವರು ತಿಳಿದಿದ್ದರು. ಅದು ದುಡ್ಡಿನ ಪಟ್ಟಿ. ಆದಾಯ ತೆರಿಗೆ ನಿಯಮದ ಸವಕಳಿ ದರ ಪೀಠೋಪಕರಣಕ್ಕೆ ವರ್ಷಕ್ಕೆ ಶೇ 10, ಕಂಪ್ಯೂಟರಿಗೆ ಶೇ 40. 40,000ದ ಕಂಪ್ಯೂಟರ್ ಒಂದು ವರ್ಷಕ್ಕೆ 24,000, ಎರಡಕ್ಕೆ 14,400, ಮೂರಕ್ಕೆ 8,640 ಆಗುತ್ತೆ. ಆದರೆ ಅದು ಲ್ಯಾಬಿನಲ್ಲಿದೆಯಾ, ಪ್ರಿನ್ಸಿಪಾಲರ ಮನೆಯಲ್ಲಿದೆಯಾ, ಗುಜರಿಗೆ ಹೋಗಿದೆಯಾ ಅಂತ ಆ ಪಟ್ಟಿ ಹೇಳುವುದಿಲ್ಲ. ಎಂದೋ ಸುಟ್ಟುಹೋದ ಪ್ರೊಜೆಕ್ಟರ್ ಒಂದು ಅವರ ಬ್ಯಾಲೆನ್ಸ್ ಶೀಟಿನಲ್ಲಿ ಇನ್ನೂ ಬದುಕಿತ್ತು. ಎರಡೂ ಪಟ್ಟಿ ಬೇಕು, ಎರಡಕ್ಕೂ ಒಂದೇ ನಂಬರು ಇರಬೇಕು.

ಪುಸ್ತಕಗಳ ಮಾತು ಬೇರೆ

ಗ್ರಂಥಾಲಯಕ್ಕೆ ಪ್ರತ್ಯೇಕ ವಹಿ ಇದ್ದೇ ಇರುತ್ತೆ. ಪುಸ್ತಕ ಸಾವಿರಾರು ಇದ್ದರೆ ಗ್ರಂಥಾಲಯದ ತಂತ್ರಾಂಶಗಳಾದ ಕೋಹಾ ಅಥವಾ ಕೇಂದ್ರ ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ನೋಡಬಹುದು. ನೂರಾರು ಇದ್ದರೆ ಶೀಟ್ ಸಾಕು. ನನಗೆ ಚಿಂತೆ ಅದಲ್ಲ. ಎಷ್ಟೋ ಶಾಲೆಯಲ್ಲಿ ಪುಸ್ತಕ ಬೀರುವಿನಲ್ಲೇ ಇರುತ್ತವೆ, ಹೊಚ್ಚ ಹೊಸದಾಗಿ. ಕಳೆದರೆ ಯಾರು ಕಟ್ಟುವವರು ಅನ್ನುವ ಭಯ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ಒಳ್ಳೆ ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದುಹೋಗುವುದು ಸಹಜ ಅಂತ ಅದು ಒಪ್ಪುತ್ತೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. 20,000 ಪುಸ್ತಕದವರೆಗಿನ ಗ್ರಂಥಾಲಯವನ್ನು ವರ್ಷಕ್ಕೊಮ್ಮೆ ಪೂರ್ತಿ ಎಣಿಸಬೇಕು ಅಂತಲೂ ಹೇಳುತ್ತೆ. ಆ ನಿಯಮ ಇರುವುದು ಕೇಂದ್ರದ ಸಂಸ್ಥೆಗಳಿಗೆ, ನಮ್ಮ ಊರ ಶಾಲೆಗೆ ನೇರವಾಗಿ ಹತ್ತುವುದಿಲ್ಲ. ಆದರೂ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಓದಿ ಹೇಳಿದೆ. ಆ ವರ್ಷ ಬೀರುವಿನ ಬೀಗ ತೆಗೆದೆವು. ಪುಸ್ತಕ ಕಳೆದವು, ಹೌದು. ಹರಿದವು ಇನ್ನೂ ಜಾಸ್ತಿ.

ಯಾರಿಗೆ ಯಾವುದು

ಮಕ್ಕಳು 100ರೊಳಗೆ, ಶಿಕ್ಷಕರು ಎರಡೋ ಮೂರೋ: ಬೈಂಡ್ ವಹಿ, ಬಾಗಿಲ ಹಿಂದಿನ ಪಟ್ಟಿ, ಪೇಂಟಿನ ನಂಬರು, ವರ್ಷಕ್ಕೊಮ್ಮೆ ಪುಟಗಳ ಫೋಟೋ. ಇದಕ್ಕಿಂತ ಜಾಸ್ತಿ ಏನು ಮಾಡಿದರೂ ಪಾಠದ ಸಮಯ ತಿನ್ನುತ್ತೆ.

ಪ್ರೌಢಶಾಲೆ, ಲ್ಯಾಬ್ ಇದೆ, ಪ್ರೊಜೆಕ್ಟರ್ ಇದೆ, ಕಚೇರಿಗೆ ಗುಮಾಸ್ತರಿದ್ದಾರೆ ಅಂದರೆ ಗೂಗಲ್ ಶೀಟ್ ಮಾಡಿ. ವರ್ಷದ ಕೊನೆಗೆ ಪ್ರಿಂಟ್ ತೆಗೆದು, ಸಹಿ ಹಾಕಿ, ವಹಿಗೆ ಅಂಟಿಸಿ. ನನಗೆ ಮೆಚ್ಚುಗೆಯಾದದ್ದು ಇದೇ ಜೋಡಿ. ಹುಡುಕಲು ಶೀಟು, ಸಾಕ್ಷಿಗೆ ಕಾಗದ. ಖಾಸಗಿ ಶಾಲೆಯಲ್ಲಿ ಒಂಟಿ ನಂಬರಿನ ವಸ್ತು ಇನ್ನೂರು ಮುನ್ನೂರು ದಾಟಿದರೆ ಕ್ಯೂಆರ್ ಸೇರಿಸಿ. ಒಂದಕ್ಕಿಂತ ಹೆಚ್ಚು ಕ್ಯಾಂಪಸ್ ಇದ್ದರೆ ಮಾತ್ರ ತಂತ್ರಾಂಶ.

ಎಣಿಸುವ ದಿನ ಬೇಸಿಗೆ ರಜೆಗೆ ಮುಂಚಿನ ವಾರ ಇರಲಿ, ಸಾಲಗೊಟ್ಟ ಡೆಸ್ಕುಗಳೆಲ್ಲ ವಾಪಸ್ ಬಂದ ಮೇಲೆ. ಸಾಮಾನು ಇಟ್ಟುಕೊಂಡವರೇ ಎಣಿಸಬಾರದು. ಲ್ಯಾಬಿನ ಮೇಷ್ಟ್ರು ಅಡುಗೆಮನೆ ಎಣಿಸಲಿ, ಎಸ್‌ಡಿಎಂಸಿಯ ಒಬ್ಬರು ಲ್ಯಾಬ್ ಎಣಿಸಲಿ. ಎರಡು ಸಲ ನಡೆಯಿರಿ. ಮೊದಲು ಪಟ್ಟಿ ಹಿಡಿದು ವಸ್ತು ಹುಡುಕಿ. ಆಮೇಲೆ ಕೊಠಡಿಯಲ್ಲಿರುವ ವಸ್ತು ನೋಡಿ ಪಟ್ಟಿಯಲ್ಲಿ ಹುಡುಕಿ. ಎರಡನೆಯದನ್ನು ಯಾರೂ ಮಾಡುವುದಿಲ್ಲ, ವಹಿಗೆ ಸೇರದ ಸಾಮಾನು ಸಿಕ್ಕುವುದು ಅದರಲ್ಲೇ.

ನಡುವೆ ಹೊರಗೆ ಹೋಗುವ ಸಾಮಾನಿಗೆ ಒಂದು 100 ಪುಟದ ನೋಟ್‌ಬುಕ್ ಮೊಳೆಗೆ ನೇತುಹಾಕಿ. ಚುನಾವಣೆ, ಗ್ರಾಮಸಭೆ, ಊರ ಜಾತ್ರೆ, ಯಾರದೋ ಮದುವೆ, ಎಲ್ಲಕ್ಕೂ ಶಾಲೆಯ ಬೆಂಚೇ ಬೇಕು. ಕೊಡಬೇಡಿ ಅಂತ ಹೇಳುವುದಿಲ್ಲ, ಊರಿನಲ್ಲಿ ಅದು ನಡೆಯುವ ಮಾತಲ್ಲ. ತೆಗೆದುಕೊಂಡವರ ಸಹಿ ಇರಲಿ. ಅಂಗನವಾಡಿಗೆ ಹೋದ ಬೀರುವಿಗೂ ಆ ಒಂದು ಸಹಿ ಇದ್ದಿದ್ದರೆ ಸಾಕಾಗಿತ್ತು.

ಹಳೆಯದನ್ನು ತೆಗೆಯುವಾಗ

ಮುರಿದ ಡೆಸ್ಕುಗಳು ಒಂದು ಕೊಠಡಿಯನ್ನೇ ತುಂಬಿಕೊಂಡಿರುವುದನ್ನು ಎಲ್ಲರೂ ನೋಡಿದ್ದೇವೆ. ಮಕ್ಕಳು ಹೊರಗೆ ಮರದ ಕೆಳಗೆ, ಗುಜರಿ ಒಳಗೆ ನೆರಳಲ್ಲಿ! ತೆಗೆಯಲು ಹೆದರಿಕೆ. ಸರ್ಕಾರಿ ಶಾಲೆಯಲ್ಲಿ ನೀವೇ ಗುಜರಿಯವನನ್ನು ಕರೆದು ತೂಕಕ್ಕೆ ಹಾಕುವ ಹಾಗಿಲ್ಲ, ನಿಜ. ನಿರುಪಯುಕ್ತ ಅಂತ ಪಟ್ಟಿ ಮಾಡಿ, ಎಸ್‌ಡಿಎಂಸಿಯಲ್ಲಿ ಒಪ್ಪಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು, ಅನುಮತಿ ಬಂದ ಮೇಲೆ ಹರಾಜು. ಬಂದ ದುಡ್ಡಿನ ರಸೀದಿ ನಂಬರನ್ನು ವಹಿಯಲ್ಲಿ ಆ ವಸ್ತುವಿನ ಎದುರಿಗೆ ಬರೆದರೆ ಅದರ ಲೆಕ್ಕ ಮುಗಿಯಿತು. ಖಾಸಗಿಯಲ್ಲಿ ಟ್ರಸ್ಟಿನ ನಿರ್ಣಯ ಸಾಕು.

ಕಂಪ್ಯೂಟರ್, ಮಾನಿಟರ್ ಮಾತ್ರ ಗುಜರಿಗೆ ಬೇಡ. ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಣಿ ಇರುವ ಮರುಬಳಕೆದಾರರಿಗೇ ಕೊಡಬೇಕು. ಒಂದೆರಡು ಕಂಪ್ಯೂಟರಿಗೆ ಅವರು ಹಳ್ಳಿಗೆ ಬರುವುದಿಲ್ಲ. ಹಾಗಾಗಿ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರುಗಳ, ಶಾಲೆಗಳೆಲ್ಲ ಒಟ್ಟಾಗಿ ಒಂದು ಕಡೆ ಸೇರಿಸಿದರೆ ಕೆಲಸ ಆಗುತ್ತೆ. ಕೊಡುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಮಕ್ಕಳ ಆಧಾರ್ ನಂಬರುಗಳು ಅದರಲ್ಲಿ ಇದ್ದೇ ಇರುತ್ತವೆ.

ಇಷ್ಟೆಲ್ಲ ಎಣಿಸಿದ ಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಶಾಲೆಯ ಸರ್ವೆ ನಂಬರಿನ ಪಹಣಿ ತೆಗೆಸಿ. ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ನಮ್ಮಲ್ಲಿ 3 ಬೀರುವಿನ ಲೆಕ್ಕ ಪಕ್ಕಾ ಆಗಿತ್ತು. ಶಾಲೆ ನಿಂತಿರುವ ಜಾಗ ಮಾತ್ರ ಇನ್ನೂ ಜಮೀನು ದಾನ ಕೊಟ್ಟವರ ತಾತನ ಹೆಸರಿನಲ್ಲೇ ಇತ್ತು.